ಡೆನಾರಿಯಸ್‌ಗೆ ವಿಭೂತಿ ಹಚ್ಚಿದ್ದೆ

ನಾನು ಕೊಂಡ ಮೊದಲ ರೋಮನ್ ಬೆಳ್ಳಿ ನಾಣ್ಯವನ್ನು ನಾನೇ ಕೆಡಿಸಿದೆ. ಲಂಡನ್ನಿನ ಒಂದು ನಾಣ್ಯ ಮೇಳದಲ್ಲಿ ಸಿಕ್ಕ, ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ತಲೆಯಿರುವ ಡೆನಾರಿಯಸ್ ಅದು. ಕಪ್ಪಗಿತ್ತು. ಊರಲ್ಲಿ ಅಮ್ಮ ಬೆಳ್ಳಿ ದೀಪಕ್ಕೆ ಮಾಡುವ ಹಾಗೆ ವಿಭೂತಿ ಹಚ್ಚಿ ತಿಕ್ಕಿದೆ. ಫಳಫಳ ಹೊಳೆಯಿತು, ನಿಜ. ಆದರೆ ಅವನ ಕೆನ್ನೆ ತುಂಬಾ ಗೀರು. ಅಕ್ಷರಗಳ ಸುತ್ತ ಕೂತಿದ್ದ ಆ ಕಪ್ಪಿನಿಂದಲೇ ಓದೋಕೆ ಆಗ್ತಿತ್ತು ಅಂತ ಗೊತ್ತಾಗಿದ್ದು ಅದು ಹೋದ ಮೇಲೆ.

ಎರಡನೆಯದು ಮೊದಲ ರೋಮನ್ ಚಕ್ರವರ್ತಿ ಅಗಸ್ಟಸ್‌ನದು. ಅದನ್ನು ತಿಕ್ಕುವ ಗೋಜಿಗೇ ಹೋಗಲಿಲ್ಲ. ಮೊದಲು ತೂಗಿದೆ, 3.7 ಗ್ರಾಂ. ಎರಕ ಹೊಯ್ದ ನಕಲಿಯಾದರೆ ಅಂಚಿನಲ್ಲಿ ಸಣ್ಣ ಗೆರೆ ಇರಬಹುದು ಅಂತ ಭೂತಗನ್ನಡಿಯಲ್ಲಿ ಸುತ್ತ ನೋಡಿದೆ. ಇರಲಿಲ್ಲ. ಆಮೇಲೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿಗೆ ತಾಗುವ ಹಾಗೆ ಇಟ್ಟು ಪಕ್ಕದಿಂದ ಬೆಳಕು ಬಿಟ್ಟೆ. ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಬರುತ್ತೆ. ಕಂಡಷ್ಟನ್ನೇ ಕಾಗದಕ್ಕೆ ಇಳಿಸಿದೆ. ಬರಹ ಲ್ಯಾಟಿನ್, ಯು ಇರಬೇಕಾದ ಕಡೆಯೆಲ್ಲ ವಿ ಕೆತ್ತಿದ್ದಾರೆ. ಮೊದಲ ಸಂಜೆ ಅದರಲ್ಲೇ ಕಳೆಯಿತು.

ಮುಂದುಗಡೆ ಅಗಸ್ಟಸ್‌ನ ತಲೆ. ಸುತ್ತ 'ದಿವಿ ಎಫ್', ಅಂದರೆ ದೇವರಾದವನ ಮಗ. ಆ ದೇವರು ಜೂಲಿಯಸ್ ಸೀಸರ್. ಕೊನೆಯಲ್ಲಿ 'ಪಾತೆರ್ ಪಾತ್ರಿಯೈ', ನಾಡಿನ ತಂದೆ. ಈ ಬಿರುದು ಸಿಕ್ಕಿದ್ದು ಕ್ರಿ.ಪೂ. 2ರಲ್ಲಿ, ಹಾಗಾಗಿ ನಾಣ್ಯ ಅದಕ್ಕಿಂತ ಹಳೆಯದಲ್ಲ. ಹಿಂದುಗಡೆ ಗಾಯಸ್, ಲೂಸಿಯಸ್ ಅನ್ನೋ ಇಬ್ಬರು ಹುಡುಗರು ನಿಂತಿದ್ದಾರೆ, ನಡುವೆ ಗುರಾಣಿ, ಈಟಿ. ಅಗಸ್ಟಸ್‌ನ ಮಕ್ಕಳು ಅಂತ ಬರೆದಿದೆ. ಅಸಲಿಗೆ ಮಗಳು ಜೂಲಿಯಾಳ ಮಕ್ಕಳು, ದತ್ತು ತಗೊಂಡಿದ್ದ. ಅವನೂ ಸೀಸರನಿಗೆ ದತ್ತು ಮಗನೇ ಅಲ್ವಾ!

ಹುಡುಗರ ತಲೆಗಳ ನಡುವೆ ಮೇಲೆ ಎರಡು ಪುಟ್ಟ ವಸ್ತು. ಒಂದನ್ನು ಪ್ರಶ್ನಾರ್ಥಕ ಚಿಹ್ನೆ ಅಂದುಕೊಂಡಿದ್ದೆ. ಅದು ಶಕುನ ನೋಡುವ ಪುರೋಹಿತರ ತುದಿ ಸುತ್ತಿದ ಕೋಲು. ಇನ್ನೊಂದು ಪೂಜೆಯ ಸೌಟು, ನಮ್ಮ ಉದ್ಧರಣೆಯ ಅಣ್ಣ. ಕೆಲವು ನಾಣ್ಯಗಳಲ್ಲಿ ಸೌಟು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ವಿಧ ಗುರುತಿಸುವಾಗ ಇದನ್ನೇ ನೋಡಬೇಕು.

ಟಂಕಿಸಿದ್ದು ಇವತ್ತಿನ ಫ್ರಾನ್ಸಿನ ಲಿಯೋನ್‌ನಲ್ಲಿ. ರೋಮನ್ ಬೆಳ್ಳಿ ನಾಣ್ಯಗಳಲ್ಲಿ ದಕ್ಷಿಣ ಭಾರತದಲ್ಲಿ ಜಾಸ್ತಿ ಸಿಕ್ಕಿರೋದು ನನ್ನ ಹತ್ತಿರ ಇರುವ ಈ ಎರಡು ಬಗೆಯವೇ. ಯಶವಂತಪುರದಲ್ಲೇ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅಲ್ಲಿ ಎಷ್ಟು ಸಲ ರೈಲು ಹತ್ತಿದ್ದೀನೋ.

ಹುಡುಗರಿಬ್ಬರೂ ಪಟ್ಟಕ್ಕೆ ಬರುವ ಮೊದಲೇ ತೀರಿಕೊಂಡರು, ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ. ಆಮೇಲೆ ದತ್ತು ಬಂದವನು ಟೈಬೀರಿಯಸ್. ವಿಭೂತಿ ಹಚ್ಚಿ ತಿಕ್ಕಿದೆನಲ್ಲ, ಅವನೇ.