ಸ್ವರ ಒಡೆದದ್ದನ್ನು ಕೇಳುಗರಿಗೆ ಹೇಳಿದ ಕಥೆ

ಈ ಪತ್ತನಾಜೆಗೆ, ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನಕ್ಕೆ, ಕೂತು ಲೆಕ್ಕ ಹಾಕಿದೆ. ಆಟ (ವೇಷ ಕಟ್ಟಿ ಆಡುವ ಯಕ್ಷಗಾನ), ಕೂಟ (ವೇಷವಿಲ್ಲದೆ ಕೂತು ಮಾಡುವ ತಾಳಮದ್ದಳೆ) ಎಲ್ಲ ಸೇರಿ 58 ಅಥವಾ 60 ಕಾರ್ಯಕ್ರಮ. ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬ ಹವ್ಯಾಸಿ ಭಾಗವತನಿಗೆ, ಅಂದರೆ ಪದ್ಯ ಹಾಡುವವನಿಗೆ, ಇದು ಕಡಿಮೆ ಏನಲ್ಲ. ಅದರಲ್ಲಿ 20ರಷ್ಟು ನನ್ನ ವಾಟ್ಸಾಪ್ ಗುಂಪಿನವರೇ ಮಾಡಿಸಿಕೊಟ್ಟದ್ದು. 'ನಿನ್ನ ಕಷ್ಟ ಜನರಿಗೆ ಹೇಳಿದರೆ ನಿನ್ನನ್ನು ಯಾರೂ ಕರೆಯುವುದಿಲ್ಲ' ಅಂದವರಲ್ಲಿ ಇಬ್ಬರು ಈಗ ಫೋನು ಮಾಡಿ 'ಹೇಗೆ ಮಾಡಿದ್ದು' ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದುಬಿಡುವುದು ಸುಲಭ.

ತೊಂದರೆ ಶುರುವಾದದ್ದು 2018ರ ಸುಮಾರಿಗೆ. ಆಗ ಕಪ್ಪು ಮೂರರಲ್ಲಿ, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದೆ. ರಾತ್ರಿ ಎರಡು ಗಂಟೆ ದಾಟಿದ ಮೇಲೆ ಏರು ಪದ್ಯ ಬಂದರೆ ತಾರ ಷಡ್ಜದಲ್ಲಿ, ಅಂದರೆ ಮೇಲಿನ 'ಸ'ದಲ್ಲಿ, ಸ್ವರ ಒಡೆಯುತ್ತಿತ್ತು. ಎರಡು ವರ್ಷ ಮುಚ್ಚಿಟ್ಟೆ. ಒಡೆಯುತ್ತದೆ ಅಂತ ಗೊತ್ತಾದ ಕೂಡಲೇ ಚೆಂಡೆಯವರಿಗೆ ಕಣ್ಸನ್ನೆ ಮಾಡಿ ಬಿಡ್ತಿಗೆ, ಅಂದರೆ ಪದ್ಯದ ನಡುವಿನ ಬಾರಿಸುವಿಕೆ, ಉದ್ದ ಮಾಡಿಸುತ್ತಿದ್ದೆ. ಅವರಿಗೆ ಚಪ್ಪಾಳೆ, ನನಗೆ ಉಸಿರು. ಆದರೆ ಎದುರಿನ ಸಾಲಿನಲ್ಲಿ ಹತ್ತು ಮೊಬೈಲು ಇರುತ್ತವಲ್ಲ. ಬೆಳಿಗ್ಗೆ ನಾನು ಮನೆ ತಲುಪುವ ಮೊದಲೇ ಒಡೆದ ಪದ್ಯ ಯಾರದ್ದೋ ಸ್ಟೇಟಸ್ಸಿನಲ್ಲಿ ಇರುತ್ತಿತ್ತು. ಅದೂ ಎಂಥ ಊರಿನಲ್ಲಿ? ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳೇ ಭಾಗವತಿಕೆಗೆ ಕೂರುತ್ತಿದ್ದ ಊರು ನಮ್ಮದು. ಇಲ್ಲಿನ ಕೇಳುಗರ ಕಿವಿಗೆ ಮಣ್ಣು ಹಾಕಲು ಆಗುವುದಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿತು. ಆಟವೂ ಇಲ್ಲ, ಕೂಟವೂ ಇಲ್ಲ. ತಲೆ ಕೆಟ್ಟು ಒಂದು ರಾತ್ರಿ ಫೇಸ್‌ಬುಕ್ ಲೈವ್ ಬಂದೆ. ಸ್ವರ ಒಡೆಯುವುದು, ಹೊಸ ಪದ್ಯಕ್ಕೆ ಮಟ್ಟು (ಧಾಟಿ) ಹೊಳೆಯದಿರುವುದು, ಸಾಲ, ಹೆದರಿಕೆ, ಎಲ್ಲ ಹೇಳಿದೆ. 40 ನಿಮಿಷ. ಕಣ್ಣಲ್ಲಿ ನೀರೂ ಬಂತು. ಜನ ತುಂಬ ಪ್ರೀತಿ ತೋರಿಸಿದರು, ಸುಳ್ಳು ಹೇಳಬಾರದು. ಜ್ಯೇಷ್ಠಮಧು, ಕಲ್ಲುಸಕ್ಕರೆ, ಕಾಳುಮೆಣಸು ಅಂತ ನೂರಾರು ಮದ್ದು ಬಂತು. ಗೂಗಲ್ ಪೇಯಲ್ಲಿ 11,000 ರೂಪಾಯಿಯಷ್ಟು ದುಡ್ಡೂ ಬಂತು. ನಾನು ಕೇಳಿರಲಿಲ್ಲ, ಹಿಂದೆ ಕಳಿಸುವ ಧೈರ್ಯವೂ ಆಗಲಿಲ್ಲ. ಅದರಲ್ಲಿ 500 ರೂಪಾಯಿ ಕಳಿಸಿದ ಒಬ್ಬರು ಇವತ್ತಿಗೂ ಆಟದ ನಡುವೆ ಚೀಟಿ ಕಳಿಸಿ ಅವರಿಗೆ ಬೇಕಾದ ರಾಗದಲ್ಲಿ ಪದ್ಯ ಹೇಳಿಸುತ್ತಾರೆ. ಕಷ್ಟಕಾಲಕ್ಕೆ ಕೊಟ್ಟವರು, ಏನು ಹೇಳುವುದು?

ಪೆಟ್ಟು ಬಿದ್ದದ್ದು ಆಟ ಮತ್ತೆ ಶುರುವಾದಾಗ. ಒಂದು ದೇವಸ್ಥಾನದ ಸಮಿತಿಯವರು ಫೋನು ಮಾಡಿ, 'ಭಾಗವತರೇ, ನೀವು ಈ ವರ್ಷ ವಿಶ್ರಾಂತಿ ತಗೊಳ್ಳಿ' ಅಂದರು. ಎಷ್ಟು ಮರ್ಯಾದೆಯ ಮಾತು! ಹಾಗೇ 14 ಕಾರ್ಯಕ್ರಮ ಹೋಯಿತು. ಆಗ ರಾತ್ರಿಗೆ 2,500, ಪ್ರಯಾಣದ ಖರ್ಚು ಬೇರೆ. 35,000ದ ಹತ್ತಿರ ಕಳಕೊಂಡೆ. ಆಮೇಲೆ ಆ ಲೈವನ್ನು ಇನ್ನೊಮ್ಮೆ ನೋಡಿದೆ. 40 ನಿಮಿಷದಲ್ಲಿ ಒಂದೇ ಒಂದು ಸಾಲು ಪದ್ಯ ಹಾಡಿರಲಿಲ್ಲ. ಭಾಗವತ ಹಾಡದೆ ಬರೀ ಮಾತಾಡಿದರೆ ಕೇಳಿದವರು ಇನ್ನೇನು ತಿಳಿಯಬೇಕು, ಅಲ್ವಾ?

ಮತ್ತೆ ಒಂದು ವರ್ಷ ಬಾಯಿ ಮುಚ್ಚಿ ಕೂತೆ. ಅದು ಇನ್ನೂ ಕೆಟ್ಟದಾಯಿತು. ಭಾಗವತರಿಗೆ ಗಂಟಲಿನ ಆಪರೇಶನ್ ಆಗಿದೆಯಂತೆ ಅಂತ ಉಪ್ಪಳದಿಂದ ಮುಳ್ಳೇರಿಯದವರೆಗೆ ಸುದ್ದಿ ಆಯಿತು.

ಕೊನೆಗೆ ಶ್ರುತಿಯನ್ನೇ ಇಳಿಸುವುದು ಅಂತ ತೀರ್ಮಾನ ಮಾಡಿದೆ. ಕಪ್ಪು ಮೂರರಿಂದ ಬಿಳಿ ಮೂರಕ್ಕೆ. ನಮ್ಮವರಿಗೆ ಗೊತ್ತುಂಟು, ಇದು ಸಣ್ಣ ಮಾತಲ್ಲ. ಭಾಗವತ ಶ್ರುತಿ ಇಳಿಸಿದ ಅಂದರೆ ಮುಗಿಯಿತು ಅಂತಲೇ ಲೆಕ್ಕ. ಮದ್ದಳೆಯೂ ಬೇರೆ ಬೇಕಾಯಿತು, ಇದ್ದದ್ದು ಅಷ್ಟು ಕೆಳಗೆ ಬರಲಿಲ್ಲ. ಹಳೆಯ ದೊಡ್ಡದೊಂದಕ್ಕೆ ಹೊಸ ಚರ್ಮದ ಮುಚ್ಚಿಗೆ ಹಾಕಿಸಿದ್ದಕ್ಕೆ 4,000ದ ಮೇಲೆ ಹೋಯಿತು. ನನ್ನ ಕೈಯಿಂದ.

ಈ ಸಲ ಲೈವಿಗೆ ಹೋಗಲಿಲ್ಲ. ರಾತ್ರಿ ಇಡೀ ಕೂತು ಆಟ ನೋಡುವವರು ಅಂತ ನನಗೆ ಖಾತ್ರಿ ಇದ್ದ 60 ಜನರ ಒಂದು ಗುಂಪು ಮಾಡಿದೆ. ಮೊದಲು ಸಮಿತಿಯವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಶ್ರುತಿ ಇಳಿಸುತ್ತೇನೆ ಅಂತ ಹೇಳಿದೆ. ಅವರಿಗೆ ಕೇಳುಗರ ಬಾಯಿಂದ ಗೊತ್ತಾಗಬಾರದು. 2020ರಲ್ಲಿ ನಾನು ಮಾಡಿದ ತಪ್ಪೇ ಅದು. ಆಮೇಲೆ ಗುಂಪಿಗೆ ಒಂದೇ ಪದ್ಯವನ್ನು ಎರಡು ಶ್ರುತಿಯಲ್ಲಿ ಹಾಡಿ ಕಳಿಸಿದೆ. ಮೇಲಿನದ್ದರಲ್ಲಿ ಸ್ವರ ಒಡೆದದ್ದನ್ನು ಹಾಗೇ ಬಿಟ್ಟಿದ್ದೆ. ಕೇಳಿದ್ದು ಒಂದೇ ಪ್ರಶ್ನೆ: ಯಾವುದರಲ್ಲಿ ಸಾಹಿತ್ಯ ಚೆನ್ನಾಗಿ ಕೇಳುತ್ತದೆ?

35 ಜನ ಉತ್ತರ ಕೊಟ್ಟರು. 22 ಅಥವಾ 23 ಜನ ಕೆಳಗಿನದ್ದೇ ಒಳ್ಳೆಯದು ಅಂದರು. ಅಯ್ಯೋ ಪಾಪ ಅಂದವರು ಒಬ್ಬರೂ ಇಲ್ಲ. ಮದ್ದು ಹೇಳಿದವರು ಮಾತ್ರ ಇಬ್ಬರು, ಅವರನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಮುಂದಿನ ತಿಂಗಳು ಪೆರ್ಲದ ಹತ್ತಿರ ಒಂದು ಆಟದಲ್ಲಿ ಬಿಳಿ ಮೂರಕ್ಕೆ ಹಾಡಿದೆ. ಯಾರೋ ಅದರ ತುಣುಕು ದೊಡ್ಡ ಗುಂಪಿಗೆ ಹಾಕಿ 'ಭಾಗವತರ ಕಥೆ ಮುಗಿಯಿತು' ಅಂತ ಬರೆದರು. ನಾನು ಉತ್ತರ ಕೊಡಲೇ ಇಲ್ಲ. ನನ್ನ 60ರಲ್ಲಿ ಹತ್ತು ಜನ ಅಲ್ಲಿ ನುಗ್ಗಿ ಜಗಳಕ್ಕೆ ನಿಂತರು. 'ಶ್ರುತಿ ಇಳಿಸಲು ಹೇಳಿದ್ದು ನಾವು, ಎಂತ ಈಗ?' ಅಂತ. ನಾನು ಮೊದಲೇ ತೀರ್ಮಾನ ಮಾಡಿದ್ದೆ ಅನ್ನುವುದು ಬೇರೆ ಮಾತು!

ಅಲ್ಲಿಂದ ತಿಂಗಳಿಗೆ ಎರಡು ಸಲ ಏನಾದರೂ ಕಳಿಸುತ್ತೇನೆ. ಹಾಡಿ ತೋರಿಸಲು ಆಗದ ಕಷ್ಟ ಹೇಳುವುದಿಲ್ಲ. ಸಾಲ, ಮನೆ ವಿಷಯ, ವೇಷಧಾರಿ ತಡವಾಗಿ ಬಂದದ್ದು, ಕವರಿನಲ್ಲಿ ದುಡ್ಡು ಕಡಿಮೆ ಇದ್ದದ್ದು ಯಾವುದೂ ಅಲ್ಲಿಗೆ ಹೋಗುವುದಿಲ್ಲ. ಆಟಕ್ಕೆ ಹತ್ತು ದಿನ ಇರುವಾಗ ಗುಂಪಿನಲ್ಲಿ ಪೂರ್ತಿ ಮೌನ. ಇಲ್ಲದಿದ್ದರೆ ಆ ರಾತ್ರಿ ಅವರು ಪದ್ಯ ಕೇಳುವುದಿಲ್ಲ, ಎಲ್ಲಿ ಒಡೆಯುತ್ತದೆ ಅಂತ ಕಾಯುತ್ತಾರೆ. ಕಳಿಸುವ ದಿನ, ಹೊತ್ತು ಯಾವುದು, ಒಡೆದದ್ದನ್ನು ಮೊದಲು ಹಾಕಬೇಕಾ ಕೊನೆಗಾ, ಅದಕ್ಕೊಂದು ಉಪಾಯ ಉಂಟು. ಅದು ಇಲ್ಲಿ ಬೇಡ. ಗಂಟಲಿಗೆ ಏನು ಮಾಡುತ್ತೇನೆ ಅನ್ನುವುದೂ ಬೇಡ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದ್ದೂ ಉಂಟು. ತಿಂಗಳಿಗೆ 50 ರೂಪಾಯಿ ಕೊಟ್ಟವರಿಗೆ ಜಾಸ್ತಿ ಕಳಿಸುವುದು ಅಂತ ಮಾಡಿದೆ. ಮೊದಲ ತಿಂಗಳು 11 ಜನ, ಮೂರನೇ ತಿಂಗಳು 4. ಅದರಲ್ಲಿ ಒಬ್ಬ ನನ್ನ ಭಾವ. ನಿಲ್ಲಿಸಿದೆ. ಇನ್ನೊಂದು, ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗ ಉಂಟು. ಮುರಕಲ್ಲು ಕೊರೆದು ನೀರಿಗೆ ಮಾಡಿದ್ದು, 20 ಕೋಲು ಉದ್ದ. ಬಗ್ಗಿ ಒಳಗೆ ಹೋಗಿ, ಕಾಲು ನೀರಿನಲ್ಲಿಟ್ಟು ಒಂದು ಭಾಮಿನಿ ಷಟ್ಪದಿಯ ಪದ್ಯ ಹಾಡಿ ಮೊಬೈಲಿನಲ್ಲಿ ಹಿಡಿದೆ. ಅಬ್ಬ, ಆ ಗುಂಯ್ ಅನ್ನುವ ನಾದ! ನನ್ನದೇ ಸ್ವರ ಅಂತ ನಂಬಲು ಆಗಲಿಲ್ಲ. ಕಳಿಸಿದ ವಾರದಲ್ಲಿ ಮೂರು ಕೂಟ ಬಂತು. ಕೂಟದಲ್ಲಿ ಕೂತು ಹಾಡಿದಾಗ ಒಬ್ಬರು, 'ಸುರಂಗದಲ್ಲಿ ಚೆನ್ನಾಗಿತ್ತು' ಅಂದರು. ಬಾವಲಿ ಬೇರೆ ಮುಖಕ್ಕೆ ಬಡಿದಿತ್ತು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಕಷ್ಟ ಕೇಳುಗರಿಗೆ ಹೇಳುವುದು ಮೊದಲಿನಿಂದ ಬೇಡ ಅಂದವರು ಮದ್ದಳೆ ಬಾರಿಸುವ ನಮ್ಮ ಮಾವ. 'ಎಂತ ಮಾರಾಯ, ಅಡಿಗೆ ಕೋಣೆ ತೋರಿಸಿ ಊಟಕ್ಕೆ ಕರೀತಾರಾ ಯಾರಾದ್ರೂ?' ಅಂತ ಅವರ ವಾದ. ನಾನು ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಮಾತು ಎತ್ತಿದೆ. 'ಮಾವ, ರಾಕ್ಷಸರ ಬಣ್ಣದ ವೇಷದವರು ಮೂರು ಗಂಟೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದನ್ನು ಮಕ್ಕಳು ಚೌಕಿಯಲ್ಲಿ ಬಾಯಿ ಬಿಟ್ಟು ನೋಡ್ತಾರೆ. ಅದೇ ವೇಷ ತೆರೆಯ ಹಿಂದಿನಿಂದ ಆರ್ಭಟ ಕೊಟ್ಟರೆ ಅದೇ ಮಕ್ಕಳು ಅಮ್ಮನ ಸೆರಗು ಹಿಡೀತಾರಲ್ಲ?' ಮಾವ ಎಲೆಗೆ ಸುಣ್ಣ ಹಚ್ಚುತ್ತಾ, 'ಚೌಕಿಯಲ್ಲಿ ವೇಷದವರು ಅಳುವುದಿಲ್ಲ' ಅಂದರು. ಆ ಲೈವ್ ಅವರೂ ನೋಡಿದ್ದರು ಅಂತ ನನಗೆ ಗೊತ್ತಾದದ್ದು ಆಗಲೇ.

ಈಗ ಒಂದು ಹೊಸ ಪ್ರಸಂಗದ ಝಂಪೆ ತಾಳದ ಪದ್ಯ ಕಾಡುತ್ತಾ ಉಂಟು. ಹಿಂದೋಳದಲ್ಲಿ ಸಿಟ್ಟು ಬರುತ್ತದೆ, ದುಃಖ ಬರುವುದಿಲ್ಲ. ಮಧ್ಯಮಾವತಿಯಲ್ಲಿ ದುಃಖ ಬರುತ್ತದೆ, ಆದರೆ ವೇಷಕ್ಕೆ ಕುಣಿಯಲು ಏನೂ ಉಳಿಯುವುದಿಲ್ಲ. ಆದಿತ್ಯವಾರ ಎರಡನ್ನೂ ಗುಂಪಿಗೆ ಹಾಕಿದೆ. 17 ಅದಕ್ಕೆ, 17 ಇದಕ್ಕೆ. ಮಾವ ಗುಂಪಿನಲ್ಲಿ ಇದ್ದಾರೆ, ಎರಡನ್ನೂ ಕೇಳಿದ್ದಾರೆ, ನೀಲಿ ಗೆರೆ ಬಿದ್ದಿದೆ. ಫೋನು ಮಾಡಿದರೆ 'ನೀನು ಯಾವುದಾದರೂ ಹೇಳು, ನಾನು ಬಾರಿಸ್ತೇನೆ' ಅಂದು ಇಟ್ಟುಬಿಡುತ್ತಾರೆ. ಆಟಕ್ಕೆ ಇನ್ನು 12 ದಿನ. ಗುಂಪಿಗೆ ಹಾಕಲು ಎರಡೇ ದಿನ ಉಳಿದಿದೆ.