ಹಳೇ ಕಾರಿಗೆ ಕ್ಯಾಟ್‌ಕಾನ್ ಕೊಳ್ಳುವ ಮುಂಚೆ

ಉಡುಪಿಯ ನಮ್ಮ ಗ್ಯಾರೇಜಿಗೆ ಬಂದು "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಿ" ಅಂದವರಿಗೆ ನಾನು ಮೊದಲು ಕೇಳುವುದು ಒಂದೇ. ಹಳೇದು ಯಾಕೆ ಹೋಯ್ತು? ಕ್ಯಾಟ್‌ಕಾನ್ ಅಂದರೆ ಈ ಕನ್ವರ್ಟರೇ, ಎಂಜಿನ್ ಹೊಗೆಯ ವಿಷ ಕಡಿಮೆ ಮಾಡಲು ಸೈಲೆನ್ಸರಿಗೆ ಮುಂಚೆ ಪೈಪಿನಲ್ಲಿ ಕೂರಿಸುವ ಡಬ್ಬಿ. ಅದು ಸುಮ್ನೆ ಹಾಳಾಗುವುದು ಕಡಿಮೆ. ಕಿಡಿ ಕೊಡುವ ಪ್ಲಗ್ಗೋ ಕಾಯಿಲೋ ಕೆಟ್ಟು ಎಂಜಿನ್ ಮಿಸ್ ಆಗುತ್ತಿದ್ದರೆ, ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಅಲ್ಲೇ ಉರಿಯುತ್ತದೆ. ಆ ಬಿಸಿಗೆ ಒಳಗಿನ ಸೆರಾಮಿಕ್ ಕರಗಿ ದಾರಿ ಕಟ್ಟಿಕೊಳ್ಳುತ್ತದೆ. ಆಮೇಲೆ ಪಿಕಪ್ ಇರುವುದಿಲ್ಲ. ಎಂಜಿನ್ ಆಯಿಲ್ ಸುಡುತ್ತಿದ್ದರೂ ಅದಕ್ಕೆ ಉಳಿಗಾಲವಿಲ್ಲ. ಮೂಲ ಕಾಯಿಲೆ ಬಿಟ್ಟು ಹೊಸದು ಹಾಕಿದರೆ ದುಡ್ಡು ಸೀದಾ ಮಲ್ಪೆ ಸಮುದ್ರಕ್ಕೆ.

ಇನ್ನೊಂದು. ಅಡಿಯಿಂದ ಗಡಗಡ ಸದ್ದು ಬಂದ ಕೂಡಲೇ ಹೆದರಬೇಡಿ. ನಮ್ಮ ಉಪ್ಪುಗಾಳಿಗೆ ಹೊರಗಿನ ತಗಡು ತುಕ್ಕು ಹಿಡಿದು ಸಡಿಲವಾಗಿರುತ್ತದೆ. ಒಂದು ಕ್ಲ್ಯಾಂಪ್ ಬಿಗಿದರೆ ಮುಗೀತು. ಸದ್ದು ಒಳಗಿನಿಂದಲೇ ಬರುತ್ತಿದ್ದರೆ ಬಿಚ್ಚಿಸಿ, ಟಾರ್ಚ್ ಹಿಡಿದು ನೋಡಿ. ಸಣ್ಣ ಸಣ್ಣ ತೂತುಗಳು ಸಾಲಾಗಿ ಕಾಣಬೇಕು. ಪುಡಿ ಉದುರಿದರೆ ಬದಲಿಸಲೇಬೇಕು.

ಈಗ ಆರಿಸುವ ವಿಷಯ. ಮಾಡೆಲ್ ಹೆಸರು, ವರ್ಷ ಇಷ್ಟೇ ಹೇಳಿದರೆ ಸಾಲದು. ಬೆಂಗಳೂರಿಗೆ ಬಿಎಸ್-4 (ಸರ್ಕಾರದ ಹೊಗೆ ಮಿತಿಯ ನಿಯಮ) ಬಂದದ್ದು 2010ರಲ್ಲಿ, ಇಡೀ ದೇಶಕ್ಕೆ ಕಡ್ಡಾಯವಾದದ್ದು 2017ರಲ್ಲಿ. ಹಾಗಾಗಿ 2012ರ ಒಂದೇ ಮಾಡೆಲ್ಲಿನ ಎರಡು ಕಾರುಗಳಲ್ಲಿ ನಮ್ಮ ಉಡುಪಿಯ ಕೆಎ 20 ನಂಬರಿನದ್ದು ಹಿಂದಿನ ಬಿಎಸ್-3, ಬೆಂಗಳೂರಿಂದ ತಂದ ಸೆಕೆಂಡ್ ಹ್ಯಾಂಡ್ ಬಿಎಸ್-4, ಕ್ಯಾಟ್‌ಕಾನೂ ಬೇರೆ ಬೇರೆ ಇರಬಹುದು. ಆರ್‌ಸಿ ನೋಡಿ, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಎಂಜಿನ್ ಸಿಸಿ, ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವುದು) ಕೂರುವ ಜಾಗ ಎರಡೂ ತಾಳೆಯಾಗಬೇಕು.

ಕಂಪನಿಯದ್ದು ದುಬಾರಿ, ನಿಜ. ಹೊರಗಿನದ್ದೂ ನಡೆಯುತ್ತದೆ. ಆದರೆ ಒಳಗಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳ ಲೇಪನ ಅಲ್ವಾ? ತೀರಾ ಅಗ್ಗಕ್ಕೆ ಸಿಕ್ಕರೆ ಲೇಪನ ನೆಪಕ್ಕಷ್ಟೇ ಇರುತ್ತದೆ. ವೆಲ್ಡಿಂಗ್ ಮಾಡಿ ಕೂರಿಸುವ ಯೂನಿವರ್ಸಲ್ ಪೀಸ್ ನನಗೆ ಇಷ್ಟವಿಲ್ಲ. ಈ ಕಡಲ ಬದಿಯಲ್ಲಿ ತುಕ್ಕು ಶುರುವಾಗುವುದೇ ವೆಲ್ಡಿಂಗ್ ಜಾಗದಿಂದ. ಗುಜರಿಯದ್ದು ಬೇಡವೇ ಬೇಡ. ಖಾಲಿ ಪೈಪ್ ಹಾಕಿಸುವವರೂ ಇದ್ದಾರೆ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಕೂರಿಸುವಾಗ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ. ಗ್ಯಾಸ್ಕೆಟ್, ನಟ್ಟು ಹೊಸದೇ ಹಾಕಿಸಿ. ಸೆನ್ಸರಿನ ಹತ್ತಿರ ಲೀಕ್ ಇದ್ದರೆ ಅದು ತಪ್ಪು ಲೆಕ್ಕ ಕೊಡುತ್ತದೆ.

ಹಳೇ ಕ್ಯಾಟ್‌ಕಾನನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಗುಜರಿಯವರು ಅದಕ್ಕೆ ಒಳ್ಳೇ ದುಡ್ಡು ಕೊಡುತ್ತಾರೆ. ಗ್ಯಾರೇಜಿನವನಾಗಿ ನಾನು ಇದನ್ನು ಹೇಳಬಾರದಿತ್ತು, ಇರಲಿ.