ಧ್ರುವಯಾನಕ್ಕೆ ಮುನ್ನ: ಹಾರ್ಡಂಗರ್‌ವಿಡ್ಡಾದಲ್ಲಿ ತರಬೇತಿಯ ದಿನಚರಿ

ದಕ್ಷಿಣ ಧ್ರುವಕ್ಕೆ ಸ್ಕೀ ತೊಟ್ಟು ಹೋಗುವವರಲ್ಲಿ ಬಹಳ ಮಂದಿ ಆರಿಸಿಕೊಳ್ಳುವ, ಅಂಟಾರ್ಕ್ಟಿಕದ ಅಂಚಿನ ಹರ್ಕ್ಯುಲೀಸ್ ಇನ್ಲೆಟ್‌ನಿಂದ ಹೊರಡುವ ದಾರಿಯ ಉದ್ದ ಸುಮಾರು 1,130 ಕಿಲೋಮೀಟರ್. ಸಮುದ್ರಮಟ್ಟದ ಸಮೀಪದಿಂದ ಹೊರಟು 2,835 ಮೀಟರ್ ಎತ್ತರಕ್ಕೆ ಏರಬೇಕು. ನಡುವೆ ಎಲ್ಲೂ ಸಾಮಾನು ತರಿಸಿಕೊಳ್ಳದೆ ಹೋಗುವವರು ಒಂದೂವರೆ, ಎರಡು ತಿಂಗಳಿಗೆ ಬೇಕಾದ ಆಹಾರ ಮತ್ತು ಇಂಧನವನ್ನೆಲ್ಲ ಸೊಂಟಕ್ಕೆ ಕಟ್ಟಿದ ಜಾರುಬಂಡಿಯಲ್ಲಿ ತಾವೇ ಎಳೆಯಬೇಕು. ಅಂಥ ಯಾನಕ್ಕೆ ಮುಂಚಿನ ಚಳಿಗಾಲದಲ್ಲಿ ಹತ್ತು ಹದಿನೈದು ದಿನಗಳ ತರಬೇತಿ ಯಾತ್ರೆ ಮಾಡುವುದು ರೂಢಿ. ಮೈಯನ್ನು ಹುರಿಗೊಳಿಸುವುದಕ್ಕಾಗಿ ಈ ಯಾತ್ರೆ ಎಂದು ಹೊಸಬರು ತಿಳಿಯುವುದುಂಟು. ಆ ಕೆಲಸ ಊರಿನಲ್ಲಿಯೇ ಮುಗಿದಿರಬೇಕು. ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗಿನ ಪ್ರತಿಯೊಂದು ಕೆಲಸವೂ ಒಂದೇ ಕ್ರಮದಲ್ಲಿ, ಕೈಗವಸು ಬಿಚ್ಚದೆ, ಯೋಚಿಸುವ ಅಗತ್ಯವೇ ಇಲ್ಲದೆ ನಡೆಯುವಂತಾಗಬೇಕು ಎಂಬುದಕ್ಕಾಗಿ ಅಲ್ಲಿಗೆ ಹೋಗುವುದು.

ಇದಕ್ಕೆ ಹೇಳಿಮಾಡಿಸಿದ ಜಾಗಗಳಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಗೆ ಮೊದಲ ಸ್ಥಾನ ಕೊಡಬಹುದು. ಅದರ ಉತ್ತರದ ಅಂಚಿನಲ್ಲಿರುವ ಫಿನ್ಸೆಗೆ ವಾಹನ ಹೋಗುವ ರಸ್ತೆಯಿಲ್ಲ; ಓಸ್ಲೊ ಮತ್ತು ಬರ್ಗೆನ್ ನಡುವಿನ ರೈಲಿನಲ್ಲಿ ಬಂದು, 1,222 ಮೀಟರ್ ಎತ್ತರದ ಆ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನ ಪಕ್ಕದಿಂದಲೇ ಹಿಮ ಆರಂಭವಾಗುತ್ತದೆ. ಬ್ರಿಟಿಷ್ ಧ್ರುವಯಾತ್ರಿ ಶ್ಯಾಕಲ್ಟನ್ 1914ರಲ್ಲಿ ತನ್ನ ಅಂಟಾರ್ಕ್ಟಿಕ ಯಾನದ ಸಾಮಾನುಗಳನ್ನು ಪರೀಕ್ಷಿಸಿದ್ದು ಇಲ್ಲಿಯೇ. ಮುಂದೆ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಅಮುಂಡ್ಸೆನ್ 1896ರ ಜನವರಿಯಲ್ಲಿ ತನ್ನ ಅಣ್ಣ ಲಿಯಾನ್ ಜೊತೆ ಈ ಪ್ರಸ್ಥಭೂಮಿಯನ್ನು ದಾಟಲು ಹೋಗಿ ದಾರಿ ತಪ್ಪಿದ. ಆಹಾರದ ಚೀಲಗಳು ಹಿಮದಡಿ ಕಾಣೆಯಾದವು. ಒಂದು ರಾತ್ರಿ ಹಿಮದಲ್ಲಿ ತೋಡಿಕೊಂಡು ಮಲಗಿದ್ದ ಅವನ ಸುತ್ತ ಮಂಜು ಗಟ್ಟಿಯಾಗಿ, ಅಣ್ಣನೇ ಅಗೆದು ಹೊರತೆಗೆಯಬೇಕಾಯಿತು. ರಾತ್ರಿ ಟೆಂಟಿನ ಹೊರಗೆ ಯಾವ ವಸ್ತುವನ್ನೂ ಬಿಡಿಯಾಗಿ ಇಡಬಾರದು, ಎಲ್ಲವೂ ಜಾರುಬಂಡಿಯೊಳಗೆ ಇಲ್ಲವೆ ಟೆಂಟಿನೊಳಗೆ ಇರಬೇಕು ಎಂಬ ನಿಯಮಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಹೋಗುವುದಕ್ಕೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಒಳ್ಳೆಯ ಕಾಲ. ಜನವರಿಯಲ್ಲಿ ಹಗಲು ತೀರ ಗಿಡ್ಡ; ಏಪ್ರಿಲ್ ಹೊತ್ತಿಗೆ ಮಧ್ಯಾಹ್ನದ ಹಿಮ ಮೆತ್ತಗಾಗುತ್ತದೆ. ಅಂಟಾರ್ಕ್ಟಿಕದ ಒಳನಾಡಿನಷ್ಟು ಚಳಿ ಇಲ್ಲಿಲ್ಲ ಎಂಬುದು ನಿಜವಾದರೂ ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಒಂದೇ ದಿನದಲ್ಲಿ ಹವೆ ಮೂರು ಬಗೆಯಾಗಿ ಬದಲಾಗುತ್ತದೆ, ಹೀಗಾಗಿ ಬಟ್ಟೆ ಒಣಗಿಸಿಕೊಳ್ಳುವುದು ಅಲ್ಲಿಗಿಂತ ಕಷ್ಟ. ಇಲ್ಲಿ ಒಣಗಿರಲು ಕಲಿತವರಿಗೆ ಅಲ್ಲಿ ಒಣಗಿರುವುದು ಸುಲಭ.

ಊರಿನಲ್ಲಿ ಮಾಡಬೇಕಾದ ಕಸರತ್ತನ್ನು ಬೇಗ ಹೇಳಿ ಮುಗಿಸಬಹುದು. ಸೊಂಟಪಟ್ಟಿಗೆ ಹಗ್ಗ ಕಟ್ಟಿ, ಹಳೆಯ ಕಾರಿನ ಟೈರು ಒಂದೋ ಎರಡೋ ಸಿಕ್ಕಿಸಿ, ಮಣ್ಣುದಾರಿಯಲ್ಲಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೆರಡು ಗಂಟೆ ಎಳೆಯಬೇಕು. 2022ರ ಜನವರಿಯಲ್ಲಿ ಒಂಟಿಯಾಗಿ ದಕ್ಷಿಣ ಧ್ರುವ ತಲುಪಿದ ಬ್ರಿಟಿಷ್ ಸೇನೆಯ ಹರ್‌ಪ್ರೀತ್ ಚಂಡಿ ಅಭ್ಯಾಸ ಮಾಡಿದ್ದೂ ಹೀಗೆಯೇ. ಬೆಂಗಳೂರಿನ ಕೆರೆ ಏರಿಯ ಮೇಲೆ ಟೈರು ಎಳೆಯುವವರನ್ನು ಜನ ನಿಂತು ನೋಡುತ್ತಾರೆ, ನೋಡಲಿ. ಭಾರತದ ಅಂಟಾರ್ಕ್ಟಿಕ ವೈಜ್ಞಾನಿಕ ಯಾನದ ಸದಸ್ಯರಿಗೆ ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ ಕೊಡುತ್ತಾರೆ. ಆದರೆ ಅದು ಸಂಶೋಧನಾ ನೆಲೆಯಲ್ಲಿ ವಾಸಿಸುವವರಿಗಾಗಿ ರೂಪಿಸಿದ್ದು, ದೂರದ ಸ್ಕೀ ಯಾನದ ಅಭ್ಯಾಸಕ್ಕೆ ಅದು ಬದಲಿಯಾಗದು.

ಮೊದಲ ದಿನದಿಂದಲೇ ನಡಿಗೆಯನ್ನು ಗಡಿಯಾರಕ್ಕೆ ಕಟ್ಟಿಹಾಕಬೇಕು. ಐವತ್ತು ನಿಮಿಷ ನಡೆದು ಹತ್ತು ನಿಮಿಷ ನಿಲ್ಲುವುದು ಒಂದು ಸರದಿ. ಆರಂಭದಲ್ಲಿ ದಿನಕ್ಕೆ ಐದು ಸರದಿ ಸಾಕು, ಕೊನೆಯ ದಿನಗಳಲ್ಲಿ ಎಂಟಕ್ಕೆ ಏರಿಸಬೇಕು. ಮುಂದಾಳು ಪ್ರತಿ ಸರದಿಗೂ ಬದಲಾಗಲಿ, ಅವರು ಹಿಂದಿರುವವರಲ್ಲಿ ಎಲ್ಲರಿಗಿಂತ ನಿಧಾನಿಯಾದವರ ವೇಗದಲ್ಲಿ ನಡೆಯಲಿ. ಹೊರಡುವಾಗ ಮೈ ಸ್ವಲ್ಪ ನಡುಗುತ್ತಿರಬೇಕು. ಬೆಚ್ಚಗೆ ಹೊರಟವರು ಕಾಲು ಗಂಟೆಯಲ್ಲಿ ಬೆವರುತ್ತಾರೆ, ಬೆವರು ಒಳಬಟ್ಟೆಗೆ ಇಳಿಯುತ್ತದೆ, ನಿಂತ ಕೂಡಲೇ ಅದೇ ತೇವ ಮೈಯ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಒಳಗೆ ತೆಳು ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಅಂಗಿ; ಎಳೆಯುವಾಗ ಇಷ್ಟೇ ಸಾಕು. ದಪ್ಪ ತುಪ್ಪಳಿನ ಜಾಕೆಟ್ಟು ಜಾರುಬಂಡಿಯ ಮೇಲ್ಭಾಗದಲ್ಲಿ, ಒಂದೇ ಎಳೆತಕ್ಕೆ ಕೈಗೆ ಸಿಗುವಂತಿರಬೇಕು. ನಿಂತ ತಕ್ಷಣ ನೀರಿಗಿಂತ ಮೊದಲು, ತಿಂಡಿಗಿಂತ ಮೊದಲು ಅದನ್ನು ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ಜಾರುಬಂಡಿಯ ಮೇಲೆ ಕುಳಿತುಕೊಳ್ಳಬೇಕು.

ವಿರಾಮದಲ್ಲಿ ಪರಸ್ಪರ ಮುಖ ನೋಡಿಕೊಳ್ಳುವುದು ಕಡ್ಡಾಯ. ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದು ಗಾಳಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 34ರಷ್ಟು ಕಠಿಣ. ಮೂಗಿನ ತುದಿ, ಕೆನ್ನೆ, ಕಿವಿಯ ಹಾಲೆಯ ಮೇಲೆ ಬಿಳಿಚಿದ ಚುಕ್ಕೆ ಕಂಡರೆ ಅದು ಹಿಮಗಡಿತದ ಮೊದಲ ಸೂಚನೆ. ಅದನ್ನು ಹೊತ್ತವರಿಗೆ ನೋವೇ ಗೊತ್ತಾಗುವುದಿಲ್ಲವಾದ್ದರಿಂದ ಜೊತೆಗಾರರೇ ಹೇಳಬೇಕು. ಉಜ್ಜಬಾರದು, ಬೆಚ್ಚಗಿನ ಅಂಗೈಯಿಂದ ಮುಚ್ಚಿ ಹಿಡಿಯಬೇಕು. ತೊಡೆಯ ಮುಂಭಾಗವನ್ನು ಬಹಳ ಮಂದಿ ಮರೆಯುತ್ತಾರೆ. ಎದುರುಗಾಳಿಯಲ್ಲಿ ದಿನಗಟ್ಟಲೆ ನಡೆದರೆ ಅಲ್ಲಿನ ಚರ್ಮ ಮೊದಲು ಕೆಂಪಾಗಿ, ಆಮೇಲೆ ಗುಳ್ಳೆಯೆದ್ದು, ಹುಣ್ಣಾಗಿ, ಯಾನವನ್ನೇ ನಿಲ್ಲಿಸುವ ಮಟ್ಟಕ್ಕೆ ಹೋಗಬಹುದು. ಪ್ಯಾಂಟಿನ ಮೇಲೆ ಮಂಡಿಯವರೆಗೆ ಬರುವ, ಒಳಗೆ ಶಾಖ ಹಿಡಿಯುವ ತುಂಬುವಿರುವ ಚಡ್ಡಿಯನ್ನೋ ಲಂಗವನ್ನೋ ತೊಟ್ಟು ಅಭ್ಯಾಸ ಮಾಡುವುದು ಇದಕ್ಕೆ ಪರಿಹಾರ.

ದಿಕ್ಕು ಹಿಡಿಯುವುದಕ್ಕೆ ಜಿಪಿಎಸ್ ಇದ್ದೇ ಇರುತ್ತದೆ. ಆದರೆ ಚಳಿಗೆ ಬ್ಯಾಟರಿ ಬೇಗ ಕುಸಿಯುವುದರಿಂದ ಅದನ್ನು ದಿನಕ್ಕೆ ಎರಡು ಮೂರು ಬಾರಿ ತಾಳೆ ನೋಡಲು ಮಾತ್ರ ಬಳಸಿ, ಉಳಿದಂತೆ ಎದೆಯ ಮುಂದೆ ಕಟ್ಟಿದ ದಿಕ್ಸೂಚಿಯನ್ನೇ ನಂಬಬೇಕು. ನೆಲ ಮತ್ತು ಆಕಾಶ ಎರಡೂ ಒಂದೇ ಬಿಳುಪಾಗಿ, ತನ್ನ ಸ್ಕೀಯ ತುದಿಯೂ ಸರಿಯಾಗಿ ಕಾಣದ ದಿನ ಬಂದೇ ಬರುತ್ತದೆ. ಆ ದಿನ ಟೆಂಟಿನಲ್ಲಿ ಕೂರದೆ, ಗುರುತಿನ ಕೋಲುಗಳಿರುವ ಸುರಕ್ಷಿತ ಬಯಲಿನಲ್ಲಿ ಎರಡು ಸರದಿಯಾದರೂ ನಡೆಯುವುದು ಒಳ್ಳೆಯದು. ಗಾಳಿ ಯಾವ ಕೆನ್ನೆಗೆ ಬಡಿಯುತ್ತಿದೆ, ಹಿಮದ ಏಣುಗಳನ್ನು ಸ್ಕೀ ಯಾವ ಕೋನದಲ್ಲಿ ದಾಟುತ್ತಿದೆ ಎಂಬುದರಿಂದ ದಿಕ್ಕು ಉಳಿಸಿಕೊಳ್ಳುವುದನ್ನು ಬೇರೆ ಯಾವ ದಿನವೂ ಕಲಿಸುವುದಿಲ್ಲ.

ಇನ್ನು ಟೆಂಟು. ನನ್ನ ಮಟ್ಟಿಗೆ ಇಡೀ ತರಬೇತಿಯ ತಿರುಳು ಇರುವುದು ನಿಂತ ಕ್ಷಣದಿಂದ ಸ್ಟವ್ ಹೊತ್ತುವ ಕ್ಷಣದವರೆಗಿನ ಅರ್ಧ ಗಂಟೆಯಲ್ಲಿ. ಸುರಂಗದ ಆಕಾರದ ಟೆಂಟಿನ ಕಂಬಿಗಳನ್ನು ಪೂರ್ತಿ ಕಳಚದೆ, ಅರ್ಧ ಮಡಿಸಿ ಬಟ್ಟೆಯೊಳಗೇ ಬಿಟ್ಟು ಉದ್ದಕ್ಕೆ ಸುತ್ತಿಟ್ಟರೆ ಬಿಚ್ಚುವ ಹೊತ್ತು ಉಳಿಯುತ್ತದೆ. ಚೀಲದಿಂದ ಹೊರತೆಗೆಯುವ ಮುನ್ನವೇ ಟೆಂಟಿನ ಒಂದು ತುದಿಯನ್ನು ಜಾರುಬಂಡಿಗೆ ಕೊಕ್ಕೆಯಿಂದ ಸಿಕ್ಕಿಸಬೇಕು. ಬಿರುಗಾಳಿಯಲ್ಲಿ ಕೈತಪ್ಪಿದ ಟೆಂಟು ಮತ್ತೆ ಸಿಗುವುದಿಲ್ಲ, ಟೆಂಟಿಲ್ಲದ ರಾತ್ರಿಯನ್ನು ಕಳೆಯುವುದು ಯಾರಿಗೂ ಖಚಿತವಲ್ಲ. ಗಾಳಿ ಬರುವ ಕಡೆಗೆ ಟೆಂಟಿನ ಹಿಂಭಾಗವಿಟ್ಟು, ಮೊದಲು ಆ ತುದಿಯನ್ನು ನೆಲಕ್ಕೆ ಬಿಗಿದು, ಕಂಬಿಗಳನ್ನು ಎಬ್ಬಿಸಿ, ಆಮೇಲೆ ಎದುರು ತುದಿಯನ್ನು ಎಳೆದು ಕಟ್ಟಬೇಕು. ಸುತ್ತಲಿನ ಅಂಚುಬಟ್ಟೆಯ ಮೇಲೆ ಸಲಿಕೆಯಿಂದ ಹಿಮ ಹೇರುವುದು ಒಬ್ಬರ ಕೆಲಸ. ಅಷ್ಟರಲ್ಲಿ ಇನ್ನೊಬ್ಬರು ಒಳಹೊಕ್ಕು ಬಾಗಿಲ ಬಳಿಯ ಅಂಕಣದಲ್ಲಿ ಮೊಣಕಾಲುದ್ದ ಗುಂಡಿ ತೋಡಬೇಕು. ತಣ್ಣನೆಯ ಗಾಳಿ ಆ ಗುಂಡಿಗೆ ಇಳಿಯುತ್ತದೆ, ಅದರಲ್ಲಿ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂತಂತೆ ಅಡುಗೆ ಮಾಡಬಹುದು. ಒಳಗೆ ಬರುವ ಮುನ್ನ ಬಟ್ಟೆ, ಬೂಟುಗಳ ಮೇಲಿನ ಹಿಮವನ್ನು ಕುಂಚದಿಂದ ಪೂರ್ತಿ ಗುಡಿಸಬೇಕು, ಇಲ್ಲವಾದರೆ ಸ್ಟವ್ ಹೊತ್ತಿದ ಮೇಲೆ ಅದೆಲ್ಲ ನೀರಾಗುತ್ತದೆ.

ಸ್ಟವ್‌ಗೆ ಬಳಸುವ ಪೆಟ್ರೋಲ್ ಜಾತಿಯ ಇಂಧನ ಮೈನಸ್ 30ರಲ್ಲಿಯೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರುತ್ತದೆ. ಅಷ್ಟು ತಣ್ಣಗಿರುವ ದ್ರವ ಬೆರಳಿನ ಮೇಲೆ ಚೆಲ್ಲಿದರೆ ಆ ಕ್ಷಣದಲ್ಲಿಯೇ ಹಿಮಗಡಿತವಾಗುತ್ತದೆ. ಆದ್ದರಿಂದ ಇಂಧನ ತುಂಬುವುದು ಹೊರಗೆ, ತೆಳು ಕೈಗವಸು ತೊಟ್ಟು. ಹೊತ್ತಿಸುವಾಗ ಜ್ವಾಲೆ ಮೇಲೇಳುವುದರಿಂದ ಅದು ಬಾಗಿಲ ಅಂಕಣದಲ್ಲಿ ಹಲಗೆಯ ಮೇಲೆಯೇ ನಡೆಯಬೇಕು, ಮೇಲಿನ ಗಾಳಿಕಿಂಡಿ ಮತ್ತು ಕೆಳಗಿನ ಜಿಪ್ ಎರಡೂ ತೆರೆದಿರಬೇಕು. ಸ್ಟವ್‌ನಿಂದ ಹೊರಡುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಪಾತ್ರೆಗೆ ಒಣ ಹಿಮವನ್ನೇ ತುಂಬಿದರೆ ತಳ ಸೀಯುತ್ತದೆ, ನೀರಿಗೆ ಸುಟ್ಟ ರುಚಿ ಹತ್ತುತ್ತದೆ. ಫ್ಲಾಸ್ಕಿನಲ್ಲಿ ಉಳಿಸಿಕೊಂಡ ಒಂದು ಲೋಟ ನೀರನ್ನು ಮೊದಲು ಸುರಿದು, ಅದರ ಮೇಲೆ ಹಿಮ ಹಾಕುತ್ತ ಹೋಗಬೇಕು. ಇಬ್ಬರಿಗೆ ಊಟ, ರಾತ್ರಿಯ ನೀರು, ಮರುದಿನದ ಫ್ಲಾಸ್ಕುಗಳು ಎಂದರೆ ಎರಡು ಗಂಟೆಗೂ ಮೀರಿದ ಕೆಲಸ. ಒಬ್ಬರಿಗೆ ದಿನಕ್ಕೆ 200ರಿಂದ 250 ಮಿಲಿಲೀಟರ್ ಇಂಧನ ಸಾಮಾನ್ಯ ಲೆಕ್ಕ. ನಿಮ್ಮ ಲೆಕ್ಕ ಎಷ್ಟೆಂದು ಪ್ರತಿ ರಾತ್ರಿ ಬರೆದಿಡಬೇಕು.

ಊಟದ ವಿಷಯದಲ್ಲಿ ದಿನಕ್ಕೆ 5,000 ಕ್ಯಾಲರಿಗೂ ಹೆಚ್ಚು ಬೇಕಾಗುತ್ತದೆ, ಅದನ್ನು ಸುಮಾರು ಒಂದು ಕಿಲೋ ತೂಕದೊಳಗೆ ಹೊಂದಿಸಬೇಕು ಎಂದರೆ ಕೊಬ್ಬಿನ ಪಾಲು ದೊಡ್ಡದಾಗಲೇಬೇಕು. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ನೂರು ಗ್ರಾಂ ತುಪ್ಪದಲ್ಲಿ ಸುಮಾರು 900 ಕ್ಯಾಲರಿ ಇದೆ, ಓಟ್ಸ್‌ಗೋ ಬಿಸಿನೀರಿನಲ್ಲಿ ನೆನೆಸಿದ ಅವಲಕ್ಕಿಗೋ ಅದನ್ನು ಧಾರಾಳವಾಗಿ ಬೆರೆಸಬಹುದು. ಮನೆಯಿಂದ ತಂದ ಕಡಲೆಕಾಯಿ ಚಿಕ್ಕಿಯನ್ನು ಮಾತ್ರ ಬೆರಳ ತುದಿಯಷ್ಟು ಚೂರು ಮಾಡಿಯೇ ಒಯ್ಯಬೇಕು; ಆ ಚಳಿಯಲ್ಲಿ ಹಲ್ಲು ಮುರಿದರೆ ಅಲ್ಲಿ ದಂತವೈದ್ಯರಿಲ್ಲ. ಯಾವ ತಿಂಡಿ ಗಟ್ಟಿಯಾಗುತ್ತದೆ, ಯಾವುದು ಐದನೆಯ ದಿನಕ್ಕೇ ಬೇಸರ ತರಿಸುತ್ತದೆ ಎಂಬುದು ಅಂಗಡಿಯಲ್ಲಿ ತಿಳಿಯುವ ವಿಷಯವಲ್ಲ.

ರಾತ್ರಿ ಮೈಯಿಂದ ಹೊರಡುವ ಆವಿ ಸ್ಲೀಪಿಂಗ್ ಬ್ಯಾಗಿನ ತುಂಬುವಿನೊಳಗೆ ಹೋಗಿ ಹೆಪ್ಪುಗಟ್ಟುತ್ತದೆ. ಹತ್ತು ದಿನಕ್ಕೆ ಬ್ಯಾಗು ಭಾರವಾಗಿ ಶಾಖ ಹಿಡಿಯದಂತಾಗುತ್ತದೆ. ಆವಿ ದಾಟದ ತೆಳು ಚೀಲವೊಂದನ್ನು ಒಳಗೆ ಹಾಕಿಕೊಂಡು ಮಲಗುವುದು ಹಿತವೆನಿಸದಿದ್ದರೂ ಅಭ್ಯಾಸವಾಗಬೇಕು. ಬ್ಯಾಟರಿ, ಬೂಟಿನ ಒಳಪದರ, ಒದ್ದೆ ಕಾಲುಚೀಲ ಇವೆಲ್ಲ ಮೈಯ ಜೊತೆಗೇ ಮಲಗುತ್ತವೆ. ಮಲಗುವ ಮುನ್ನ ಪಾದ ನೋಡಿಕೊಳ್ಳುವುದು, ಗುಳ್ಳೆಯೇಳುವ ಮೊದಲೇ ಉರಿಯುವ ಜಾಗಕ್ಕೆ ಟೇಪು ಹಚ್ಚುವುದು, ಮೂತ್ರಕ್ಕೆ ಗುರುತು ತಪ್ಪದ ಬೇರೆ ಆಕಾರದ ಬಾಟಲಿ ಇಟ್ಟುಕೊಳ್ಳುವುದು, ಹೆಂಗಸರು ಕೊಳವೆಯ ಬಳಕೆಯನ್ನು ಊರಿನಲ್ಲಿಯೇ ರೂಢಿಸಿಕೊಳ್ಳುವುದು, ಇವನ್ನು ನಾಚಿಕೆಯಿಂದ ಮುಂದೂಡಬಾರದು.

ಒಂದು ದಿನವಾದರೂ ಬಿರುಗಾಳಿ ತಂಡವನ್ನು ಟೆಂಟಿನಲ್ಲಿ ಕಟ್ಟಿಹಾಕುತ್ತದೆ. ಜೊತೆಗಾರರ ಗೊರಕೆ, ಚಮಚ ಕೆರೆಯುವ ಸದ್ದು, ಹೇಳಿದ್ದನ್ನೇ ಹೇಳುವ ಚಾಳಿ ಎಲ್ಲವೂ ಅಂದು ಬಯಲಿಗೆ ಬರುತ್ತವೆ. ಸಣ್ಣ ಅಸಮಾಧಾನವನ್ನು ಅಂದೇ ಸಂಜೆ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲಿಯೇ ಬೇರೂರಲಿ, ಯಾಕೆಂದರೆ ಎರಡು ತಿಂಗಳ ಯಾನದಲ್ಲಿ ಅದನ್ನು ನುಂಗಿಕೊಂಡಿರಲಾಗದು. ತಿರುಗಿ ಬರುವುದರಲ್ಲಿ ಅವಮಾನವಿಲ್ಲ ಎಂದು ನಾರ್ವೆಯ ಪರ್ವತ ನಿಯಮಾವಳಿಯಲ್ಲಿಯೇ ಬರೆದಿದ್ದಾರೆ. ಹೋದ ದಾರಿಯಲ್ಲಿ ಹಿಂದಿರುಗುವ ನಿರ್ಧಾರವನ್ನು ಒಮ್ಮೆ ಒಟ್ಟಾಗಿ ತೆಗೆದುಕೊಂಡ ತಂಡಕ್ಕೆ ಅಂಟಾರ್ಕ್ಟಿಕದಲ್ಲಿ ಅದು ಹೊಸದಾಗಿರುವುದಿಲ್ಲ. ಹಾರ್ಡಂಗರ್‌ಯೋಕುಲೆನ್ ಹಿಮನದಿಗೆ ಹೋಗಿ ಬಿರುಕಿಗೆ ಬಿದ್ದವರನ್ನು ಮೇಲೆತ್ತುವ ಅಭ್ಯಾಸ ಮಾಡುವುದಾದರೆ ಮಾತ್ರ ಅನುಭವಿ ಮಾರ್ಗದರ್ಶಕರಿಲ್ಲದೆ ಹೆಜ್ಜೆಯಿಡಬಾರದು.

ಯಾತ್ರೆ ಮುಗಿದು ಫಿನ್ಸೆಗೆ ಮರಳಿದ ದಿನವೇ, ನೆನಪು ಮಾಸುವ ಮುನ್ನ, ಎಲ್ಲವನ್ನೂ ನೆಲದ ಮೇಲೆ ಹರಡಿ ತೂಗಬೇಕು: ಉಳಿದ ಇಂಧನ, ತಿನ್ನದೆ ಬಿಟ್ಟ ತಿಂಡಿ, ಹಿಮ ಹಿಡಿದ ಸ್ಲೀಪಿಂಗ್ ಬ್ಯಾಗು, ಒಮ್ಮೆಯೂ ಮುಟ್ಟದ ಬಟ್ಟೆ. ಒಮ್ಮೆಯೂ ಮುಟ್ಟದ ವಸ್ತುಗಳಲ್ಲಿ ದುರಸ್ತಿ ಮತ್ತು ಔಷಧಿಯ ಪೆಟ್ಟಿಗೆ ಬಿಟ್ಟು ಉಳಿದುದು ಮುಂದಿನ ಪಟ್ಟಿಯಿಂದ ಹೊರಗೆ. ಕೈಗವಸಿನಲ್ಲಿ ಹಿಡಿಯಲಾಗದ ಜಿಪ್ಪುಗಳಿಗೆಲ್ಲ ದಾರದ ಬಾಲ ಕಟ್ಟುವುದೂ ಆಗಲೇ ಆಗಬೇಕು. ಸ್ಟವ್ ಮತ್ತು ಇಂಧನದ ಬಾಟಲಿಯನ್ನು ಬಿಚ್ಚಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಇಟ್ಟು ಒಣಗಿಸಿಯೇ ಪೆಟ್ಟಿಗೆಗೆ ಹಾಕಬೇಕು. ಇಂಧನದ ವಾಸನೆ ಬಂದರೆ ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ.